ನಾಲ್ಕೂ ಮೆಮೊರಿ ಸ್ಲಾಟ್ ತುಂಬಿಸಿದ ಮೇಲೆ 6000 ಸ್ಪೀಡ್ ಯಾಕೆ ಬರುವುದಿಲ್ಲ?

ಪ್ರಶ್ನೆ: ನನ್ನದು ರೈಜನ್ 9 7950ಎಕ್ಸ್ ಪ್ರೊಸೆಸರ್, ಬಿ650 ಮದರ್‌ಬೋರ್ಡ್. 32 ಜಿಬಿಯ ಎರಡು ಡಿಡಿಆರ್5 ಮೆಮೊರಿ ಸ್ಟಿಕ್ ಹಾಕಿ, ಎಕ್ಸ್‌ಪೋ (ಕಿಟ್ ತಯಾರಕರು ಬರೆದಿಟ್ಟ ವೇಗದ ಸೆಟ್ಟಿಂಗ್) ಆನ್ ಮಾಡಿ 6000ದಲ್ಲಿ (ಸೆಕೆಂಡಿಗೆ 6000 ಮೆಗಾಟ್ರಾನ್ಸ್‌ಫರ್) ಓಡಿಸುತ್ತಿದ್ದೆ. ಒಂದು ದಿನವೂ ತಂಟೆ ಮಾಡಿರಲಿಲ್ಲ. ಆಂಡ್ರಾಯ್ಡ್ ಸೋರ್ಸ್ ಬಿಲ್ಡ್ ಜೊತೆಗೆ ಎರಡು ಮೂರು ವರ್ಚುವಲ್ ಮಷೀನ್ ಬೇಕಾಗಿ, ಎಸ್.ಪಿ. ರೋಡಿನಿಂದ ಅದೇ ಮಾಡೆಲ್ ನಂಬರಿನ ಇನ್ನೊಂದು ಕಿಟ್ ತಂದು 128 ಜಿಬಿ ಮಾಡಿದೆ. ಈಗ ಎಕ್ಸ್‌ಪೋ ಹಾಕಿದರೆ ಸ್ಕ್ರೀನೇ ಬರುವುದಿಲ್ಲ. ಆಟೋದಲ್ಲಿ ಬಿಟ್ಟರೆ 3600 ತೋರಿಸುತ್ತದೆ. ಕೈಯಾರೆ 5600 ಇಟ್ಟರೆ ಬೂಟ್ ಆಗುತ್ತದೆ, ದಿನವಿಡೀ ಓಡುತ್ತದೆ. ಆದರೆ ವಾರಕ್ಕೆ ಎರಡು ಸಲ ಬಿಲ್ಡ್ ನಡುವೆ ಕಂಪೈಲರ್ ಸೆಗ್‌ಫಾಲ್ಟ್ ಆಗಿ, ಅಂದರೆ ಮೆಮೊರಿಯ ತಪ್ಪು ವಿಳಾಸ ಮುಟ್ಟಿ, ನಿಲ್ಲುತ್ತದೆ. ಮತ್ತೆ ಓಡಿಸಿದರೆ ಪಾಸಾಗುತ್ತದೆ. ಹೊಸ ಕಿಟ್ ಕೆಟ್ಟದ್ದೇ? 6000 ಮತ್ತೆ ಬರುವ ದಾರಿ ಇದೆಯೇ?
ಬಸವೇಶ್ವರನಗರದ ಓದುಗರು

ಉತ್ತರ: ಹೊಸ ಕಿಟ್ ಕೆಟ್ಟಿರುವ ಸಾಧ್ಯತೆ ಕಡಿಮೆ. 3600 ಎಂಬುದೂ ದೋಷವಲ್ಲ. ನಿಮ್ಮ ಪ್ರೊಸೆಸರಿಗೆ ಎಎಂಡಿ ತಾನೇ ಪ್ರಕಟಿಸಿರುವ ಲೆಕ್ಕ ಹೀಗಿದೆ: ಎರಡು ಸ್ಟಿಕ್ ಇದ್ದರೆ 5200, ನಾಲ್ಕು ಇದ್ದರೆ 3600. ಎಕ್ಸ್‌ಪೋದ 6000 ಅನ್ನುವುದು ಆ ಲೆಕ್ಕದ ಮೇಲಿನ ಓವರ್‌ಕ್ಲಾಕ್, ಅದೂ ಎರಡೇ ಸ್ಟಿಕ್‌ಗಳನ್ನು ಇಟ್ಟುಕೊಂಡು ಪರೀಕ್ಷಿಸಿದ್ದು. ಡಬ್ಬದ ಮೇಲೆ ಬರೆದಿರುವ ಭರವಸೆ ಆ ಡಬ್ಬದೊಳಗಿನ ಜೋಡಿಗೆ ಮಾತ್ರ. ಎರಡು ಡಬ್ಬ ಸೇರಿಸಿದಾಗ ಏನಾಗುತ್ತದೆ ಎಂದು ಯಾವ ಕಂಪನಿಯೂ ಬರೆದುಕೊಡುವುದಿಲ್ಲ.

ನಾಲ್ಕು ಸ್ಟಿಕ್ ಇಟ್ಟುಕೊಂಡು 6000ದ ಆಸೆ ಬಿಡಿ. 4800 ಸಾಮಾನ್ಯವಾಗಿ ಸಿಗುತ್ತದೆ, 5200 ಸ್ವಲ್ಪ ಕೆಲಸ ಬೇಡುತ್ತದೆ, ಅದರಾಚೆ ನಿಮ್ಮ ಪ್ರೊಸೆಸರಿನ ಹಣೆಬರಹ. ಇವತ್ತು ಮೊದಲು ಮಾಡಬೇಕಾದದ್ದು ಏನೆಂದರೆ 5600ರಿಂದ ಕೆಳಗಿಳಿಯುವುದು. ಸೆಗ್‌ಫಾಲ್ಟ್ ಆದದ್ದು ನಿಮ್ಮ ಕಣ್ಣಿಗೆ ಬಿತ್ತು. ತಪ್ಪಿದ ಬಿಟ್ ಪಾಯಿಂಟರಿನಲ್ಲಿ (ಮೆಮೊರಿ ವಿಳಾಸದಲ್ಲಿ) ಇದ್ದರೆ ಪ್ರೋಗ್ರಾಂ ಬೀಳುತ್ತದೆ, ನಿಮಗೆ ಗೊತ್ತಾಗುತ್ತದೆ. ಅದೇ ಬಿಟ್ ಡಿಸ್ಕಿಗೆ ಬರೆಯಲು ಕಾದಿರುವ ಫೈಲಿನಲ್ಲಿ ಇದ್ದರೆ ಏನೂ ಬೀಳುವುದಿಲ್ಲ, ತಪ್ಪು ಸದ್ದಿಲ್ಲದೆ ಡಿಸ್ಕಿಗೆ ಹೋಗಿ ಕೂರುತ್ತದೆ. ವಾರಕ್ಕೆ ಎರಡು ಸೆಗ್‌ಫಾಲ್ಟ್ ಕಂಡಿದ್ದರೆ ಕಾಣದೆ ಹೋದವು ಎಷ್ಟೋ. ಹಾಗಾಗಿ 3600ಕ್ಕೆ ಇಳಿಸಿದ ಕೂಡಲೇ ಸೀಕ್ಯಾಶ್ (ಹಿಂದಿನ ಕಂಪೈಲ್ ಫಲಿತಾಂಶಗಳನ್ನು ಕೂಡಿಡುವ ಜಾಗ) ಪೂರ್ತಿ ಅಳಿಸಿ. ಹಾಳಾದ ಒಂದು ಆಬ್ಜೆಕ್ಟ್ ಫೈಲ್ ಅದರಲ್ಲಿ ಉಳಿದುಬಿಟ್ಟರೆ ಮೆಮೊರಿ ಸರಿಹೋದ ಮೇಲೂ ತಿಂಗಳುಗಟ್ಟಲೆ ಕಾಡುತ್ತದೆ. ಬಿಲ್ಡ್‌ನ ಫಲಿತಾಂಶ ಇರುವ ಔಟ್ ಫೋಲ್ಡರನ್ನೂ ತೆಗೆದು ಹೊಸದಾಗಿ ಬಿಲ್ಡ್ ಮಾಡಿ. ಆ ಅವಧಿಯಲ್ಲಿ ಕಮಿಟ್ ಮಾಡಿದ ರೆಪೊಗಳಲ್ಲೆಲ್ಲ ಗಿಟ್‌ನ ಎಫ್‌ಎಸ್‌ಸಿಕೆ ಎಂಬ ತಪಾಸಣೆ ಓಡಿಸಿ. ಡಿಸ್ಕಿನ ಫೈಲ್ ಸಿಸ್ಟಂ ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಆಗಿದ್ದರೆ ಒಂದು ಸ್ಕ್ರಬ್, ಅಂದರೆ ಇಡೀ ಡಿಸ್ಕಿನ ತಪಾಸಣೆ, ಆಗಲಿ.

ಎರಡು ಸ್ಟಿಕ್ ಇದ್ದಾಗ ಹಾಯಾಗಿದ್ದದ್ದು ನಾಲ್ಕಾದಾಗ ಯಾಕೆ ಕೆಡುತ್ತದೆ? ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನೊಳಗೆ. ಅದರಿಂದ ಎರಡು ಚಾನೆಲ್ ಹೊರಡುತ್ತವೆ, ಒಂದೊಂದು ಚಾನೆಲಿಗೆ ಎರಡೆರಡು ಸ್ಲಾಟ್. ಆ ಎರಡು ಸ್ಲಾಟ್‌ಗೆ ಬೇರೆ ಬೇರೆ ತಂತಿ ಇಲ್ಲ. ಒಂದೇ ಗೆರೆ ಮೊದಲ ಸ್ಲಾಟನ್ನು ಮುಟ್ಟಿ ಕೊನೆಯ ಸ್ಲಾಟಿನಲ್ಲಿ ನಿಲ್ಲುತ್ತದೆ. ಡೈಸಿ ಚೈನ್ ಎನ್ನುವುದು ಇದಕ್ಕೇ. ಎರಡೇ ಸ್ಟಿಕ್ ಇದ್ದರೆ ಅವನ್ನು ಎ2, ಬಿ2ರಲ್ಲಿ, ಅಂದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಲು ಹೇಳುವುದು ಅವು ಗೆರೆಯ ತುದಿಯಲ್ಲಿ ಇರುವುದರಿಂದ. ತುದಿಯಲ್ಲಿ ಸ್ಟಿಕ್ ಇದ್ದರೆ ಸಿಗ್ನಲ್ ಅಲ್ಲಿಗೆ ಹೋಗಿ ತಣ್ಣಗಾಗುತ್ತದೆ. ನಡುವಿನ ಸ್ಲಾಟಿಗೂ ಸ್ಟಿಕ್ ಹಾಕಿದಿರೋ, ಗೆರೆಗೆ ಅಲ್ಲೊಂದು ಕವಲು ಒಡೆಯುತ್ತದೆ. ಸಿಗ್ನಲಿನ ಸ್ವಲ್ಪ ಭಾಗ ಅಲ್ಲಿಂದ ಪುಟಿದು ವಾಪಸು ಬಂದು ಮುಂದಿನ ಬಿಟ್ಟಿನ ಮೇಲೆ ಬೀಳುತ್ತದೆ. ಬಾವಿಯೊಳಗೆ ಒಂದೇ ಸಮನೆ ಕೂಗಿದರೆ ಹಿಂದಿನ ಕೂಗಿನ ಮಾರ್ದನಿ ಈಗಿನ ಮಾತನ್ನು ಮುಚ್ಚುವುದಿಲ್ಲವೇ, ಹಾಗೆ. ನಿಧಾನಕ್ಕೆ ಕೂಗಿದರೆ ಅರ್ಥವಾಗುತ್ತದೆ, ಬೇಗ ಬೇಗ ಕೂಗಿದರೆ ಕಲಸಿಹೋಗುತ್ತದೆ.

ಇದರ ಮೇಲೆ ರ‍್ಯಾಂಕ್ ವಿಚಾರ. ನಿಮ್ಮ 32 ಜಿಬಿ ಸ್ಟಿಕ್‌ನಲ್ಲಿ 16 ಗಿಗಾಬಿಟ್ ಚಿಪ್‌ಗಳು ಎರಡೂ ಬದಿಯಲ್ಲಿವೆ, ಒಂದು ಸ್ಟಿಕ್ಕಿಗೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಎರಡು ಗುಂಪು, ಅಂದರೆ ಎರಡು ರ‍್ಯಾಂಕ್. ಮೊದಲು ಒಂದು ಚಾನೆಲಿನ ಮೇಲೆ ಎರಡು ರ‍್ಯಾಂಕ್ ಭಾರ ಇತ್ತು, ಈಗ ನಾಲ್ಕು. ಕಷ್ಟ ಕೊಡುತ್ತಿರುವುದು 128 ಎಂಬ ಸಂಖ್ಯೆಯಲ್ಲ, ಅದನ್ನು ನಾಲ್ಕು ತುಂಡಾಗಿ ಹಾಕಿರುವುದು.

ಅಷ್ಟು ಗುದ್ದಾಡುವ ಅಗತ್ಯ ಇದೆಯೇ ಎಂಬುದನ್ನೂ ನೋಡಬೇಕು. ಎರಡು ಚಾನೆಲ್, ಚಾನೆಲಿಗೆ 8 ಬೈಟ್ ಎಂದು ಗುಣಿಸಿದರೆ 3600ರಲ್ಲಿ ಸೆಕೆಂಡಿಗೆ 57.6 ಜಿಬಿ, 4800ರಲ್ಲಿ 76.8, 5200ರಲ್ಲಿ 83.2, 6000ದಲ್ಲಿ 96. ಕಾಗದದ ಮೇಲಿನ ಗರಿಷ್ಠ ಲೆಕ್ಕ ಇದು. ಕಂಪೈಲ್ ಕೆಲಸ ಈ ಅಂಕಿಗಳ ಪ್ರಮಾಣದಲ್ಲಿ ವೇಗವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಕೋರ್‌ಗಳು ಮತ್ತು ಸ್ವಾಪ್‌ಗೆ (ಡಿಸ್ಕನ್ನೇ ಮೆಮೊರಿಯಂತೆ ಬಳಸುವುದಕ್ಕೆ) ಬೀಳದಷ್ಟು ಮೆಮೊರಿ. ಆಂಡ್ರಾಯ್ಡ್ ಸೋರ್ಸ್ ಬಿಲ್ಡ್‌ಗೇ ಗೂಗಲ್ 64 ಜಿಬಿ ಇರಲಿ ಎನ್ನುತ್ತದೆ, ಅದರ ಮೇಲೆ ನಿಮ್ಮ ವರ್ಚುವಲ್ ಮಷೀನ್‌ಗಳು. ಆದ್ದರಿಂದ ನಿಮ್ಮ ಕೆಲಸಕ್ಕೆ 4800ರ 128 ಜಿಬಿ, 6000ದ 64 ಜಿಬಿಗಿಂತ ಖಂಡಿತ ಮೇಲು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರಿನ ಮೇಲೇ ಭಾಷಾ ಮಾಡೆಲ್ ಓಡಿಸುವವರ ಕತೆ ಬೇರೆ. ಒಂದೊಂದು ಟೋಕನ್ನಿಗೂ (ಪದದ ತುಣುಕಿಗೂ) ಇಡೀ ಮಾಡೆಲ್ ಮೆಮೊರಿಯಿಂದ ಓದಿಸಿಕೊಳ್ಳುತ್ತದೆ. 40 ಜಿಬಿ ಮಾಡೆಲ್ ಆದರೆ 3600ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 1.4 ಟೋಕನ್, 6000ದಲ್ಲಿ 2.4. ಅವರಿಗೆ ಸ್ಪೀಡೇ ದುಡ್ಡು.

ಇನ್ನು ಕೆಲಸಕ್ಕೆ ಬರೋಣ. ಮೊದಲು ಸ್ಟಿಕ್‌ಗಳನ್ನು ಬಿಚ್ಚಿ ಸ್ಟಿಕ್ಕರ್ ಓದಿ. ಮಾಡೆಲ್ ನಂಬರ್ ಒಂದೇ ಇದ್ದರೂ ಒಳಗಿನ ಚಿಪ್ ಒಂದೇ ಕಂಪನಿಯದು ಆಗಿರಬೇಕೆಂದಿಲ್ಲ. ಕೋರ್ಸೇರ್ ಸ್ಟಿಕ್ ಆದರೆ ಲೇಬಲ್ ಮೇಲೆ ವರ್ಷನ್ ಸಂಖ್ಯೆ ಇರುತ್ತದೆ: ಮೊದಲ ಅಂಕೆ 3 ಆದರೆ ಮೈಕ್ರಾನ್, 4 ಆದರೆ ಸ್ಯಾಮ್‌ಸಂಗ್, 5 ಆದರೆ ಹೈನಿಕ್ಸ್. ಬೇರೆ ಬ್ರ್ಯಾಂಡ್ ಆದರೆ ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ತೆರೆದು ನಾಲ್ಕೂ ಸ್ಟಿಕ್‌ನ ಚಿಪ್ ತಯಾರಕರನ್ನು ನೋಡಿ. ಎರಡು ಕಿಟ್‌ನಲ್ಲಿ ಎರಡು ಬಗೆಯ ಚಿಪ್ ಇದ್ದರೆ 4800ಕ್ಕೇ ಕೈಮುಗಿಯಿರಿ. ಒಂದಕ್ಕೆ ಹಿಡಿಸುವ ಟೈಮಿಂಗ್ (ಎಷ್ಟು ಕ್ಲಾಕ್ ಕಾಯಬೇಕು ಎಂಬ ಅಂಕಿ) ಇನ್ನೊಂದಕ್ಕೆ ಹಿಡಿಸುವುದಿಲ್ಲ.

ಆಮೇಲೆ ಒಂದೊಂದೇ ಸ್ಟಿಕ್ಕನ್ನು ಎ2ರಲ್ಲಿ ಹಾಕಿ, ಎಕ್ಸ್‌ಪೋ 6000 ಆನ್ ಮಾಡಿ, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಒಂದು ಪಾಸ್ ಓಡಿಸಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರು ಕೆಟ್ಟ ಸ್ಟಿಕ್ ಇಟ್ಟುಕೊಂಡು ವಾರಗಟ್ಟಲೆ ವೋಲ್ಟೇಜ್ ತಿರುಗಿಸುತ್ತಾ ಕೂರುತ್ತಾರೆ. ಒಂದು ಸ್ಟಿಕ್ ಒಂಟಿಯಾಗಿಯೇ ತಪ್ಪು ತೋರಿಸಿದರೆ, ಅದೂ ಪ್ರತಿ ಸಲ ಅದೇ ವಿಳಾಸದಲ್ಲಿ ತೋರಿಸಿದರೆ, ಅದು ಕೆಟ್ಟ ಸ್ಟಿಕ್. ಬಿಲ್ ಹಿಡಿದು ವಾರಂಟಿಗೆ ಹೋಗಿ. ನಾಲ್ಕೂ ಪಾಸಾದರೆ ಸ್ಟಿಕ್‌ಗಳ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ವಾಪಸು ಹಾಕುವಾಗ ಹಳೆಯ ಜೋಡಿ ಎ2, ಬಿ2ಕ್ಕೆ, ಹೊಸ ಜೋಡಿ ಎ1, ಬಿ1ಕ್ಕೆ. ಒಂದೇ ಕಿಟ್‌ನ ಎರಡು ಸ್ಟಿಕ್ ಒಂದೇ ಚಾನೆಲಿಗೆ ಹೋಗಬಾರದು. ಕೆಲವು ಬೋರ್ಡ್‌ಗಳಲ್ಲಿ ಸ್ಲಾಟಿನ ಒಂದು ತುದಿಯಲ್ಲಿ ಮಾತ್ರ ಕ್ಲಿಪ್ ಇರುತ್ತದೆ. ಕ್ಲಿಪ್ ಇಲ್ಲದ ತುದಿ ಅರ್ಧ ಎದ್ದಿದ್ದರೂ ಗೊತ್ತಾಗುವುದಿಲ್ಲ, ಎರಡೂ ತುದಿ ಒತ್ತಿ ನೋಡಿ. ಚಿನ್ನದ ಕಾಲುಗಳ ಮೇಲೆ ಬೆರಳಿನ ಜಿಡ್ಡು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ದೊಡ್ಡ ಏರ್ ಕೂಲರ್ ಇದ್ದರೆ ಅದರ ಫ್ಯಾನ್ ಮೊದಲ ಸ್ಟಿಕ್ಕನ್ನು ಒತ್ತುತ್ತಿಲ್ಲ ತಾನೆ? ಒಂದು ಚಾನೆಲ್ ಇಡಿಯಾಗಿ ಕಾಣದೆ ಹೋದರೆ ಕೂಲರಿನ ಸ್ಕ್ರೂಗಳನ್ನು ಸಡಿಲಿಸಿ ನಾಲ್ಕೂ ಕಡೆ ಸಮನಾಗಿ ಬಿಗಿದು ನೋಡಿ. ಎಎಂ5ರಲ್ಲಿ ಪಿನ್‌ಗಳು ಸಾಕೆಟ್‌ನಲ್ಲಿವೆ, ಓರೆಯಾದ ಒತ್ತಡ ಬಿದ್ದರೆ ಮೆಮೊರಿ ಗೆರೆಯ ಸಂಪರ್ಕ ತಪ್ಪಬಹುದು.

ಮುಂದೆ ಬಯೋಸ್ ಅಪ್‌ಡೇಟ್. ನಾಲ್ಕು ಸ್ಟಿಕ್ ವಿಷಯದಲ್ಲಿ ಇದು ಬಿಟ್ಟಿ ಸಿಗುವ ಅತಿ ದೊಡ್ಡ ಲಾಭ. ಬಯೋಸ್‌ನೊಳಗಿನ ಎಎಂಡಿಯ ಅಜೀಸಾ ಕೋಡ್ 2022ರ ಹೊತ್ತಿನದಕ್ಕೂ ಈಗಿನದಕ್ಕೂ ಮೆಮೊರಿ ಟ್ರೇನಿಂಗ್‌ನಲ್ಲಿ (ಬೂಟ್ ಆಗುವಾಗ ಗೆರೆಗಳನ್ನು ಅಳೆದು ಹೊಂದಿಸುವುದರಲ್ಲಿ) ತುಂಬ ಸುಧಾರಿಸಿದೆ. ಎರಡು ಎಚ್ಚರಿಕೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಮೊದಲೇ ತೆಗೆದಿಟ್ಟುಕೊಳ್ಳಿ, ಬಯೋಸ್ ಬದಲಾದ ಕೂಡಲೇ ಅದು ಕೇಳಬಹುದು. ಮತ್ತೆ, ಯುಪಿಎಸ್ ಇಲ್ಲದೆ ಫ್ಲ್ಯಾಶ್ ಮಾಡಬೇಡಿ. ಮೋಡ ಕಟ್ಟಿದ ಸಂಜೆ ಬೆಸ್ಕಾಂ ನಂಬಿ ಶುರುಮಾಡಿದರೆ ಬೋರ್ಡ್ ಹೋದೀತು. ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆದರೆ ಬದುಕಿಸಿಕೊಳ್ಳಬಹುದು, ಅಷ್ಟೆ.

ಅಪ್‌ಡೇಟ್ ಆದ ಮೇಲಿನ ಮೊದಲ ಬೂಟ್‌ನಲ್ಲಿ ತಾಳ್ಮೆ ಬೇಕು. ನಾಲ್ಕು ಡಿಡಿಆರ್5 ಸ್ಟಿಕ್ ಇದ್ದಾಗ ಬೋರ್ಡ್ ಪ್ರತಿ ಗೆರೆಯನ್ನೂ ಅಳೆದು ಹೊಂದಿಸಿಕೊಳ್ಳಲು ಹತ್ತು ಹದಿನೈದು ನಿಮಿಷ ಹಿಡಿಯುವುದುಂಟು. ಸ್ಕ್ರೀನ್ ಕಪ್ಪು, ಬೋರ್ಡಿನ ಮೇಲೆ ಡಿರ‍್ಯಾಮ್ ಎಂದು ಬರೆದ ದೀಪ ಉರಿಯುತ್ತಲೇ ಇರುತ್ತದೆ. ಎರಡು ನಿಮಿಷ ನೋಡಿ ಸ್ವಿಚ್ ಆರಿಸಿಬಿಡುವವರೇ ಹೆಚ್ಚು, ಆರಿಸಿದರೆ ಮತ್ತೆ ಮೊದಲಿನಿಂದ. ನೀವು 6000ಕ್ಕೆ ಸ್ಕ್ರೀನೇ ಬರಲಿಲ್ಲ ಎಂದಾಗ ಎಷ್ಟು ಹೊತ್ತು ಕಾದಿರಿ ಎಂಬುದೂ ಒಂದು ಪ್ರಶ್ನೆಯೇ.

ಸೆಟ್ಟಿಂಗ್ ಹೀಗಿಡಿ. ಎಕ್ಸ್‌ಪೋ ಆನ್ ಮಾಡಿ, ಆದರೆ ಸ್ಪೀಡ್ ಮಾತ್ರ ಕೈಯಾರೆ 4800ಕ್ಕೆ ಇಳಿಸಿ. 6000ಕ್ಕೆಂದು ಬರೆದ 30-38-38 ಥರದ ಟೈಮಿಂಗ್ ಹಾಗೇ ಇರಲಿ; ಮೊದಲ ಅಂಕಿಯಾದ ಸಿಎಲ್ 30 ಎಂಬುದು 6000ದಲ್ಲಿ 10 ನ್ಯಾನೋಸೆಕೆಂಡ್, 4800ರಲ್ಲಿ 12.5, ಅಂದರೆ ಚಿಪ್‌ಗೆ ತಾನಾಗಿಯೇ ಬಿಡುವು ಸಿಕ್ಕಿತು. ಟಿಆರ್‌ಎಫ್‌ಸಿ (ಚಿಪ್‌ನ ಚಾರ್ಜು ಮತ್ತೆ ತುಂಬಲು ಹಿಡಿಯುವ ಸಮಯ) ಆಟೋದಲ್ಲಿ ಇರಲಿ. 16 ಗಿಗಾಬಿಟ್ ಚಿಪ್‌ಗೆ ಸ್ಟ್ಯಾಂಡರ್ಡ್ ಹೇಳುವುದು 295 ನ್ಯಾನೋಸೆಕೆಂಡ್, 4800ರಲ್ಲಿ ಸುಮಾರು 708 ಕ್ಲಾಕ್. ಬೋರ್ಡ್ ಅದಕ್ಕಿಂತ ತೀರಾ ಕಡಿಮೆ ತೋರಿಸಿದರೆ ಮಾತ್ರ ಕೈಯಾರೆ ಏರಿಸಿ. ಗಿಯರ್ ಡೌನ್ ಮೋಡ್ ಆನ್. ಯುಕ್ಲಾಕ್ (ಮೆಮೊರಿ ಕಂಟ್ರೋಲರಿನ ವೇಗ) ಮತ್ತು ಮೆಮ್‌ಕ್ಲಾಕ್ (ಮೆಮೊರಿಯ ವೇಗ) ಸಮ ಇರಲಿ ಎಂದು ಸ್ಪಷ್ಟವಾಗಿ ಆರಿಸಿ, ಆಟೋಗೆ ಬಿಡಬೇಡಿ. ಎಫ್‌ಕ್ಲಾಕ್ (ಪ್ರೊಸೆಸರಿನೊಳಗಿನ ಭಾಗಗಳನ್ನು ಜೋಡಿಸುವ ದಾರಿಯ ವೇಗ) 2000.

ವೋಲ್ಟೇಜ್ ವಿಚಾರದಲ್ಲಿ ಕೈ ಬಿಗಿ ಇರಲಿ. ಸ್ಟಿಕ್‌ನ ವಿಡಿಡಿ, ವಿಡಿಡಿಕ್ಯೂ ಎಕ್ಸ್‌ಪೋ ಹೇಳಿದಷ್ಟು, ಅಂದರೆ 1.35 ಅಥವಾ 1.40 ವೋಲ್ಟ್, ಪ್ರೊಸೆಸರಿನ ವಿಡಿಡಿಐಒ ಅದಕ್ಕೆ ಸಮ. ಮೆಮೊರಿ ಕಂಟ್ರೋಲರಿಗೆ ಹೋಗುವ ಎಸ್‌ಒಸಿ ವೋಲ್ಟೇಜ್ 1.20ರಿಂದ ಶುರುಮಾಡಿ, ಬೇಕೆನಿಸಿದರೆ 1.25. 2023ರಲ್ಲಿ ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟ ಮೇಲೆ ಎಎಂಡಿ ಇದಕ್ಕೆ 1.30ರ ಮಿತಿ ಹಾಕಿತು. ಹೆಚ್ಚು ಕೊಟ್ಟಷ್ಟೂ ಗಟ್ಟಿ ಎಂಬುದು ಸುಳ್ಳು, 1.20ರಲ್ಲಿ ಪಾಸಾದದ್ದು 1.28ರಲ್ಲಿ ತಪ್ಪು ತೋರಿಸುವುದೂ ಇದೆ. ಪ್ರೊಕ್‌ಒಡಿಟಿ, ಆರ್‌ಟಿಟಿ ಎಂಬ ಓಮ್ ಲೆಕ್ಕದ ಸೆಟ್ಟಿಂಗ್‌ಗಳು ಆ ಮಾರ್ದನಿಯನ್ನು ಅಡಗಿಸುವ ಬಿರಡೆಗಳು. ನಾಲ್ಕು ಸ್ಟಿಕ್‌ಗೆ ಇವು ನಿಜಕ್ಕೂ ಮುಖ್ಯ, ಆದರೆ ಕೊನೆಗೆ ಮುಟ್ಟಿ. ಒಂದು ಸಲಕ್ಕೆ ಒಂದನ್ನೇ, ಬೋರ್ಡ್ ತಾನಾಗಿ ಇಟ್ಟಿರುವುದರಿಂದ ಒಂದೇ ಮೆಟ್ಟಿಲು ಮೇಲೋ ಕೆಳಗೋ.

ಪರೀಕ್ಷೆ ಮಾಡುವಾಗ ನಿಮ್ಮ ಕೆಲಸದ ಡಿಸ್ಕ್ ಬೂಟ್ ಮಾಡಲೇಬೇಡಿ. ಲೈವ್ ಉಬುಂಟು ಪೆನ್‌ಡ್ರೈವ್ ಇಟ್ಟುಕೊಳ್ಳಿ, ಸಾಧ್ಯವಾದರೆ ಎಸ್‌ಎಸ್‌ಡಿಯನ್ನೇ ಬಿಚ್ಚಿಡಿ. ಮೊದಲು ಮೆಮ್‌ಟೆಸ್ಟ್86 ಪ್ಲಸ್ ಒಂದು ಪೂರ್ತಿ ಪಾಸ್. 128 ಜಿಬಿಗೆ ಹಲವು ಗಂಟೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಅದು ಒರಟು ಜರಡಿ ಮಾತ್ರ, ದಪ್ಪ ಕಲ್ಲನ್ನು ಹಿಡಿಯುತ್ತದೆ. ಅದಾದ ಮೇಲೆ ಲಿನಕ್ಸ್‌ನಲ್ಲಿ ಗೂಗಲ್‌ನವರ ಸ್ಟ್ರೆಸ್‌ಆಪ್‌ಟೆಸ್ಟ್: ಸುಮಾರು 110 ಜಿಬಿ ಕೊಟ್ಟು ಎರಡು ಗಂಟೆ. ಕೊನೆಗೆ ವೈ-ಕ್ರಂಚರ್‌ನ ವಿಟಿ3 ಪರೀಕ್ಷೆ ಎರಡು ಗಂಟೆ, ಇದು ಪ್ರೊಸೆಸರ್ ಮತ್ತು ಮೆಮೊರಿಯನ್ನು ಒಟ್ಟಿಗೆ ಹಿಂಡುತ್ತದೆ. ವಿಂಡೋಸ್‌ನವರು ಟೆಸ್ಟ್‌ಮೆಮ್5 ಅಥವಾ ದುಡ್ಡು ಕೊಟ್ಟು ಕಾರ್ಹು ಬಳಸಬಹುದು. ಎಲ್ಲದರಲ್ಲೂ ಸೊನ್ನೆ ತಪ್ಪು ಬರಬೇಕು. ಒಂದೇ ಒಂದು ತಪ್ಪು ಬಂದರೂ ನಪಾಸು. ಸೊನ್ನೆ ಬಂದರೆ 5000, ಆಮೇಲೆ 5200.

ತಪ್ಪು ಬಂದದ್ದಕ್ಕಿಂತ ಯಾವಾಗ ಬಂತು ಎಂಬುದು ಹೆಚ್ಚು ಹೇಳುತ್ತದೆ. ಮೊದಲ ಒಂದೆರಡು ನಿಮಿಷದಲ್ಲೇ ಸಾಲುಗಟ್ಟಿ ಬಂದರೆ ಸ್ಪೀಡ್ ಜಾಸ್ತಿ, ಒಂದು ಮೆಟ್ಟಿಲು ಇಳಿಯಿರಿ. ವೋಲ್ಟೇಜ್ ತಿರುಗಿಸಿ ಸಮಯ ಹಾಳುಮಾಡಬೇಡಿ. ಒಂದು ಗಂಟೆಯಲ್ಲಿ ಒಂದೋ ಎರಡೋ ಬಂದರೆ ಅಂಚಿನಲ್ಲಿದ್ದೀರಿ, ಎಸ್‌ಒಸಿ ಅಥವಾ ಓಮ್ ಸೆಟ್ಟಿಂಗ್ ಆಗ ಕೆಲಸಕ್ಕೆ ಬರುತ್ತದೆ. ಮುಕ್ಕಾಲು ಗಂಟೆ ಶುದ್ಧವಾಗಿದ್ದು ಆಮೇಲೆ ಶುರುವಾಗಿ ಹೆಚ್ಚುತ್ತಾ ಹೋದರೆ ಅದು ಬಿಸಿ. ಮೆಮೊರಿ ಪರೀಕ್ಷೆ ಶುದ್ಧ, ಆದರೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವ್ಹೀಯಾ (ಹಾರ್ಡ್‌ವೇರ್ ತಪ್ಪಿನ ದಾಖಲೆ) ಎಂದೋ ಲಿನಕ್ಸ್ ಲಾಗ್‌ನಲ್ಲಿ ಮಷೀನ್ ಚೆಕ್ ಎಂದೋ ಸಾಲು ಬಂದರೆ ಮೊದಲ ಅನುಮಾನ ಎಫ್‌ಕ್ಲಾಕ್ ಮೇಲೆ; 1800ಕ್ಕೆ ಇಳಿಸಿ ನೋಡಿ. ನಿನ್ನೆ ರಾತ್ರಿ ಪಾಸಾದದ್ದು ಇವತ್ತು ಬೆಳಿಗ್ಗೆ ಆನ್ ಮಾಡಿದ ಕೂಡಲೇ ಕೆಟ್ಟರೆ ಟ್ರೇನಿಂಗ್ ವ್ಯತ್ಯಾಸ: ಬೋರ್ಡ್ ಪ್ರತಿ ಸಲ ಅಳೆದಾಗಲೂ ಉತ್ತರ ಕೂದಲೆಳೆಯಷ್ಟು ಬೇರೆ ಬರುತ್ತದೆ, ಅಂಚಿನಲ್ಲಿದ್ದವರಿಗೆ ಅಷ್ಟೇ ಸಾಕು. ಅದಕ್ಕೇ ಒಂದು ಸಲ ಪಾಸಾದದ್ದನ್ನು ನಂಬಬಾರದು. ಪೂರ್ತಿ ಆರಿಸಿ, ತಣ್ಣಗಾಗಲು ಬಿಟ್ಟು, ಮೂರು ಬೇರೆ ಬೇರೆ ಬೂಟ್‌ನಲ್ಲಿ ಪರೀಕ್ಷೆ ಪಾಸಾಗಬೇಕು.

ಬಿಸಿಯ ಬಗ್ಗೆ ನಮ್ಮೂರಿನವರು ಅಸಡ್ಡೆ ಮಾಡುತ್ತಾರೆ, ಬೆಂಗಳೂರು ತಂಪು ಎಂಬ ಹಳೆಯ ನಂಬಿಕೆ. ಡಿಸೆಂಬರಿನ ರಾತ್ರಿ ಪಾಸಾದ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನ, ಬಿಸಿಲು ಬಡಿಯುವ ಮೇಲ್ಮಹಡಿ ಕೋಣೆಯಲ್ಲಿ ನಿಲ್ಲುವುದಿಲ್ಲ. ಮೆಮೊರಿಯ ಒಂದೊಂದು ಬಿಟ್ಟೂ ಪುಟ್ಟ ಕೆಪಾಸಿಟರ್‌ನಲ್ಲಿ ನಿಂತ ಚಾರ್ಜು; ಬಿಸಿಯಾದಷ್ಟೂ ಅದು ಬೇಗ ಸೋರುತ್ತದೆ. ನಾಲ್ಕು ಸ್ಟಿಕ್ ಒತ್ತೊತ್ತಾಗಿ ನಿಂತಾಗ ನಡುವಿನ ಎರಡಕ್ಕೆ ಗಾಳಿಯೇ ಸಿಗುವುದಿಲ್ಲ, ಕೆಳಗಿನಿಂದ ಗ್ರಾಫಿಕ್ಸ್ ಕಾರ್ಡ್ ಬಿಸಿಗಾಳಿ ಬೇರೆ ಊದುತ್ತದೆ. ಡಿಡಿಆರ್5 ಸ್ಟಿಕ್‌ನಲ್ಲೇ ತಾಪಮಾನದ ಸೆನ್ಸರ್ ಇದೆ; ಎಚ್‌ಡಬ್ಲ್ಯುಇನ್ಫೋದಲ್ಲಿ ಕಾಣುತ್ತದೆ, ಲಿನಕ್ಸ್ ಕರ್ನಲ್ 6.11ರಿಂದ ಎಸ್‌ಪಿಡಿ5118 ಡ್ರೈವರ್ ಓದಿ ಕೊಡುತ್ತದೆ. ಪರೀಕ್ಷೆಯ ಕೊನೆಗೆ 55 ಡಿಗ್ರಿ ಒಳಗಿದ್ದರೆ ನಿಶ್ಚಿಂತೆ. ಮೀರಿದರೆ 120 ಮಿಲಿಮೀಟರಿನ ಒಂದು ಫ್ಯಾನನ್ನು ಸ್ಟಿಕ್‌ಗಳ ಮೇಲೆ ಊದುವಂತೆ ಕಟ್ಟಿ, ಕೇಬಲ್ ಟೈ ಸಾಕು. ಯೂಟ್ಯೂಬ್ ನೋಡಿ ಟಿಆರ್‌ಇಎಫ್‌ಐಯನ್ನು (ಚಾರ್ಜು ತುಂಬುವ ಎರಡು ಸರದಿಗಳ ನಡುವಿನ ಅಂತರವನ್ನು) 65535ಕ್ಕೆ ಏರಿಸುವ ಹುಚ್ಚಿಗೆ ಬೀಳಬೇಡಿ. 5200ರಲ್ಲಿ ಸ್ಟ್ಯಾಂಡರ್ಡ್ 3.9 ಮೈಕ್ರೋಸೆಕೆಂಡ್ ಎಂದರೆ 10,140 ಕ್ಲಾಕ್. 65535 ಇಟ್ಟರೆ ಚಾರ್ಜು ತುಂಬುವ ಸರದಿ ಆರೂವರೆ ಪಟ್ಟು ತಡ. ಗೇಮ್ ಆಡುವವರ ಎರಡು ತಂಪು ಸ್ಟಿಕ್‌ಗೆ ನಡೆದೀತು, ನಿಮ್ಮ ನಾಲ್ಕಕ್ಕೆ ಅಲ್ಲ.

ಪ್ರತಿ ಬೂಟ್‌ಗೂ ನಿಮಿಷಗಟ್ಟಲೆ ಕಾಯುವುದು ಬೇಸರವಾಗಿ ಎಲ್ಲರೂ ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್ ಆನ್ ಮಾಡುತ್ತಾರೆ. ಅದು ಹಳೆಯ ಅಳತೆಯನ್ನೇ ಮತ್ತೆ ಬಳಸುವ ಸೆಟ್ಟಿಂಗ್. ಪರೀಕ್ಷೆ ಮುಗಿಯುವವರೆಗೆ ಆಫ್ ಇರಲಿ. ಮುಗಿದ ಮೇಲೆ ಆನ್ ಮಾಡಿದರೆ ಜೊತೆಗೆ ಪವರ್ ಡೌನ್ ಎನೇಬಲ್ ಕೂಡ ಆನ್ ಮಾಡಿ. ಒಂದನ್ನು ಆನ್ ಇನ್ನೊಂದನ್ನು ಆಫ್ ಇಟ್ಟಾಗ ನೀಲಿ ಸ್ಕ್ರೀನ್ ಬರುವ ಬೋರ್ಡ್‌ಗಳು ಹಲವು.

ಇಷ್ಟೆಲ್ಲ ಬೇಡ, ವೇಗವೂ ಬೇಕು 128 ಜಿಬಿಯೂ ಬೇಕು ಎಂದರೆ ಎರಡೂ ಕಿಟ್ ಮಾರಿ 64 ಜಿಬಿಯ ಎರಡು ಸ್ಟಿಕ್ ಇರುವ ಒಂದು ಕಿಟ್ ತೆಗೆದುಕೊಳ್ಳಿ. 32 ಗಿಗಾಬಿಟ್ ಚಿಪ್ ಬಂದ ಮೇಲೆ ಅವು ಸಿಗುತ್ತಿವೆ. ಗೆರೆಗೆ ಕವಲಿಲ್ಲ, ಚಾನೆಲಿಗೆ ಎರಡೇ ರ‍್ಯಾಂಕ್, 6000ದಲ್ಲಿ ಓಡಿಸುವುದು ನಿಮ್ಮ ಹಳೆಯ ಜೋಡಿಯಷ್ಟೇ ಸಲೀಸು. 96 ಜಿಬಿ ಸಾಕೆಂದರೆ 48 ಜಿಬಿಯ ಜೋಡಿ ಇನ್ನೂ ಸುಲಭ. ಯಾವುದೇ ಆದರೂ ಹೊಸ ಬಯೋಸ್ ಹಾಕಿಕೊಂಡೇ ಕೂರಿಸಿ, ಹಳೆಯ ಬಯೋಸ್‌ಗೆ ಈ ಗಾತ್ರಗಳ ಗುರುತೇ ಇರುವುದಿಲ್ಲ. ಕೊಳ್ಳುವ ಮೊದಲು ಬೋರ್ಡ್ ಕಂಪನಿಯ ಮೆಮೊರಿ ಪಟ್ಟಿಯಲ್ಲಿ ಆ ಪಾರ್ಟ್ ನಂಬರ್ ಹುಡುಕಿ, ಎಷ್ಟು ಸ್ಟಿಕ್‌ಗೆ ಒಪ್ಪಿಗೆ ಎಂಬ ಕಾಲಂ ಓದಿ. ಅಂಗಡಿಯಲ್ಲಿ ಸೀಲ್ ಒಡೆಯದ ಒಂದೇ ಡಬ್ಬ ಕೇಳಿ, ಬಿಡಿ ಬಿಡಿ ಎರಡು ಸ್ಟಿಕ್ ಜೋಡಿಸಿಕೊಟ್ಟರೆ ಬೇಡ ಎನ್ನಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇರಲಿ. ಹೊಂದದಿದ್ದರೆ ದುಡ್ಡು ವಾಪಸೋ ಬದಲಿ ಮಾಲೋ ಎಂಬುದನ್ನು ದುಡ್ಡು ಕೊಡುವ ಮೊದಲೇ ಬಾಯಿಬಿಟ್ಟು ಕೇಳಿಬಿಡಿ.

ಕಡಿಮೆ ಬೆಲೆಗೆ ಸಿಗುತ್ತದೆಂದು ಸರ್ವರ್‌ನಿಂದ ಬಿಚ್ಚಿದ ಆರ್‌ಡಿಮ್ ಸ್ಟಿಕ್ ತರಬೇಡಿ. ಅದರ ಕಚ್ಚೇ ಬೇರೆ, ಒಳಗಿನ ಪವರ್ ಚಿಪ್‌ಗೆ 12 ವೋಲ್ಟ್ ಬೇಕು, ನಿಮ್ಮ ಸ್ಲಾಟ್ ಕೊಡುವುದು 5. ಡಿಡಿಆರ್5ರಲ್ಲಿ ಇಸಿಸಿ (ತಪ್ಪಿದ ಬಿಟ್ ಸರಿಪಡಿಸುವ ವ್ಯವಸ್ಥೆ) ಇದ್ದೇ ಇದೆಯಲ್ಲ ಎಂದು ಅಂಗಡಿಯವರು ಹೇಳಿದರೆ ಅದು ಅರ್ಧ ಸತ್ಯ. ಚಿಪ್‌ನೊಳಗಿನ ಆ ಇಸಿಸಿ ಸೋರಿದ ಬಿಟ್ಟನ್ನು ಸರಿಪಡಿಸುತ್ತದೆಯೇ ಹೊರತು, ಚಿಪ್‌ನಿಂದ ಪ್ರೊಸೆಸರಿಗೆ ಬರುವ ದಾರಿಯಲ್ಲಿ ಕೆಟ್ಟದ್ದನ್ನಲ್ಲ. ನಿಮ್ಮ ತೊಂದರೆ ಇರುವುದೇ ಆ ದಾರಿಯಲ್ಲಿ. ಅದಕ್ಕೆ ನಿಜವಾದ ಇಸಿಸಿ ಯುಡಿಮ್ (ಡೆಸ್ಕ್‌ಟಾಪ್ ಬಗೆಯ ಸ್ಟಿಕ್) ಮತ್ತು ಅದನ್ನು ಒಪ್ಪುವ ಬೋರ್ಡ್ ಬೇಕು.

ಎಲ್ಲ ಸರಿಹೋದ ದಿನ ಬಯೋಸ್‌ನ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ. ಬಯೋಸ್‌ನೊಳಗೆ ಸೇವ್ ಮಾಡಿದ ಪ್ರೊಫೈಲ್ ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗಬಹುದು.